ಕರಕರ ಗೇರಿನದು, ತಪ್ಪು ಬೆಲ್ಟಿನದು

ಹೋದ ಭಾನುವಾರ ಅರಸೀಕೆರೆಯಿಂದ ಅಪ್ಪನ ಫೋನು. "ಟಿಲ್ಲರ್ ಗೇರ್ ಹಾಕಿದ್ರೆ ಕರಕರ ಅಂತೈತೆ ಕಣಪ್ಪಾ. ಗೇರ್‌ಬಾಕ್ಸ್ ಬಿಚ್ಬೇಕಂತೆ, 12 ಸಾವಿರ ಆಗುತ್ತಂತೆ. ಗುಜರಿಗೆ ಹಾಕ್ಬಿಡ್ಲಾ?"

ಹೆಚ್ಚುಕಮ್ಮಿ ನನ್ನ ವಯಸ್ಸಿನ ಟಿಲ್ಲರ್ ಅದು. ತೆಂಗಿನ ಸಾಲುಗಳ ನಡುವೆ ಅಪ್ಪ ಅದರ ಹಿಂದೆ ನಡೆದು ದುಡಿದ ದುಡ್ಡಲ್ಲೇ ನಾನು ಓದಿದ್ದು. "ಎರಡು ದಿನ ತಡೀರಿ" ಅಂದು, ಪುಣೆಯ ಬಾಲ್ಕನಿಯಲ್ಲಿ ಕೂತು ವಿಡಿಯೊ ಕಾಲ್ ಮಾಡಿದೆ.

ನಮ್ಮ ಟಿಲ್ಲರ್‌ನಲ್ಲಿ ಬೆಲ್ಟೇ ಕ್ಲಚ್ಚು. ಲಿವರ್ ಬಿಟ್ಟರೆ ಬೆಲ್ಟ್ ಸಡಿಲಾಗಬೇಕು. ಎಂಜಿನ್ ಓಡುತ್ತಿದ್ದರೂ ಗೇರ್‌ಬಾಕ್ಸಿನ ಪುಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ತಿರುಗುವ ಹಲ್ಲು ನಿಂತ ಹಲ್ಲಿಗೆ ಬಡಿಯುತ್ತದೆ. ಕರಕರ ಅನ್ನುವುದು ಅದೇ.

ಅಪ್ಪ ದೂರ ನಿಂತು ತೋರಿಸಿದರು. ಲಿವರ್ ಬಿಟ್ಟರೂ ಪುಲ್ಲಿ ತಿರುಗುತ್ತಲೇ ಇತ್ತು.

"ಬೆಲ್ಟ್ ಯಾವಾಗ ಬದಲಾಯ್ಸಿದ್ದು ಅಪ್ಪಾ?"

"ಹೋದ ತಿಂಗ್ಳು. ಬಿ 48 ಇರ್ಲಿಲ್ಲ, ಬಿ 46 ಕೊಟ್ರು."

ಬಿ ಅನ್ನುವುದು ಬೆಲ್ಟಿನ ದಪ್ಪ-ಅಗಲದ ಗುರುತು. 48 ಅದರ ಒಳ ಉದ್ದ, ಇಂಚಿನಲ್ಲಿ. 2 ಇಂಚು ಗಿಡ್ಡ ಬೆಲ್ಟ್ ಸಡಿಲಾಗುವುದೆಲ್ಲಿಂದ ಬಂತು?

ಮಂಗಳವಾರ ತಿಪಟೂರಿನಿಂದ ಸರಿಯಾದ ಬೆಲ್ಟ್ ಬಂತು. ಎಂಜಿನ್ ಆರಿಸಿ ಹಾಕಿದರು. ಸಡಿಲಾದ ಬೆಲ್ಟನ್ನು ಪುಲ್ಲಿಗೆ ತಾಗದಂತೆ ಹಿಡಿಯುವ ಕಂಬಿ ಬಾಗಿತ್ತು, ಅದನ್ನೂ ನೆಟ್ಟಗೆ ಮಾಡಿದರು. ಗೇರ್ ಸದ್ದಿಲ್ಲದೆ ಬಿತ್ತು.

ಊರಲ್ಲಿ ಹಳೇ ಯಂತ್ರ ಕೆಟ್ಟಿತು ಅಂತ ಫೋನ್ ಬಂದರೆ, ಬಿಚ್ಚಿಸುವ ಮೊದಲು ಒಂದು ಮಾತು ಕೇಳಿ: ಇತ್ತೀಚೆಗೆ ಬದಲಾಯಿಸಿದ್ದೇನು?

"ದಸರಾಕ್ಕೆ ಬಾ, ನೀನೇ ಓಡ್ಸಿವಂತೆ" ಅಂದರು ಅಪ್ಪ. ರಜೆಗೆ ಅರ್ಜಿ ಹಾಕಿದ್ದೇನೆ.