ಮೆಣಸಿನ ರಾಣಿಯ ನೆಲಕ್ಕೆ ಎರಡು ಸಾವಿರದ ಕಂತು

ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಬಿರುದು ಕೊಟ್ಟವರು ಮೆಣಸು ಕೊಳ್ಳಲು ಬಂದವರು ಎಂಬುದನ್ನು ಮರೆಯಲಾಗದು. ಶರಾವತಿ ಕಣಿವೆಯ ತೋಟಗಳಲ್ಲಿ ಇಂದಿಗೂ ಅಡಿಕೆ ಮರವನ್ನಪ್ಪಿ ಮೆಣಸಿನ ಬಳ್ಳಿ ಏರುತ್ತದೆ. ಕೊಳೆರೋಗಕ್ಕೆ ಅಡಿಕೆ ಉದುರಿಹೋದ ವರ್ಷ ಮನೆಯ ಸಾಲ ತೀರಿಸುವುದು ಆ ಬಳ್ಳಿಯೇ. ಆದರೆ ಅದರ ಬೆಲೆ ನಿರ್ಧಾರವಾಗುವುದು ಈಗ ಹೊನ್ನಾವರದಲ್ಲಲ್ಲ, ಶಿರಸಿಯಲ್ಲಿಯೂ ಅಲ್ಲ.

2000ದಲ್ಲಿ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತು. 2010ರಲ್ಲಿ ಆಸಿಯಾನ್ ರಾಷ್ಟ್ರಗಳೊಡನೆ ಮಾಡಿಕೊಂಡ ಒಪ್ಪಂದ. ಆಮದು ಮೆಣಸಿನ ಮೇಲೆ ಶೇ. 70ರ ಸುಂಕವಿದ್ದರೂ ಶ್ರೀಲಂಕೆಯಿಂದ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರುವ ದಾರಿ ತೆರೆಯಿತು. ವಿಯೆಟ್ನಾಮಿನ ಮೆಣಸೇ ಶ್ರೀಲಂಕೆಯ ಮೂಲಪತ್ರ ಹೊತ್ತು ಬರುತ್ತಿದೆಯೆಂದು ಬೆಳೆಗಾರರ ಸಂಘಟನೆಗಳು ವರ್ಷಗಟ್ಟಲೆ ದೂರಿದವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಿತು. 2018ರ ಮಾರ್ಚಿನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು. ತಡೆ ಬಂದಿತು, ಬೆಲೆ ಬರಲಿಲ್ಲ. 2015-16ರಲ್ಲಿ 650 ರೂಪಾಯಿ ದಾಟಿದ್ದ ಮೆಣಸು 2019ರ ವೇಳೆಗೆ 350ರ ಆಸುಪಾಸಿಗೆ ಇಳಿದಿತ್ತು.

ಒಪ್ಪಂದಕ್ಕೆ ಸಹಿ ಹಾಕಿದ ಸರ್ಕಾರ ಆ ನಷ್ಟಕ್ಕೆ ಏನು ಕೊಟ್ಟಿತು? ಪಿಎಂ-ಕಿಸಾನ್ ಕೊಟ್ಟೆವಲ್ಲ ಎಂಬ ಉತ್ತರ ಸಿದ್ಧವಾಗಿದೆ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಎರಡು ಕ್ವಿಂಟಲ್ ಮೆಣಸು ಒಣಗಿಸುವ ಮನೆಗೆ ಕಿಲೋಗೆ 300 ರೂಪಾಯಿ ಕುಸಿದರೆ ನಷ್ಟ 60,000. ಹತ್ತರಲ್ಲೊಂದು ಪಾಲು! ಅದರ ಮೇಲೆ 2019ರಿಂದ ರಾಜ್ಯ ಸರ್ಕಾರ ಸೇರಿಸುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತೇಹೋಯಿತು. ಈ ಹಣವಾದರೂ ಯಾರಿಗೆ? ಪಹಣಿಯಲ್ಲಿ ಹೆಸರಿದ್ದವರಿಗೆ. ತಲೆಮಾರುಗಳಿಂದ ಅತಿಕ್ರಮಣ ಜಾಗದಲ್ಲಿ ತೋಟ ಮಾಡಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಕೊಟ್ಟು ಕಾಯುತ್ತಿರುವವರಿಗಲ್ಲ. ಗೇಣಿಗೆ ಮಾಡುವವರಿಗೂ ಅಲ್ಲ. ಬೆಲೆ ಕುಸಿದಾಗ ಪಹಣಿ ನೋಡಿ ಯಾರಿಗೂ ರಿಯಾಯಿತಿ ಸಿಗಲಿಲ್ಲ.

ಮುಕ್ತ ಮಾರುಕಟ್ಟೆಯ ಪಾಠ ಹೇಳುವ ಅಮೆರಿಕ ಮಾಡಿದ್ದನ್ನು ನೋಡಬೇಕು. 2018ರಲ್ಲಿ ಚೀನಾ ಅಲ್ಲಿನ ಸೋಯಾಬೀನ್ ಮೇಲೆ ಶೇ. 25ರ ಪ್ರತಿಸುಂಕ ಹೇರಿದಾಗ, ಆ ದೇಶ ರೈತರಿಗಾಗಿ 1,200 ಕೋಟಿ ಡಾಲರುಗಳವರೆಗಿನ ನೆರವು ಘೋಷಿಸಿತು. ಮರುವರ್ಷ 1,600 ಕೋಟಿ. 2019ರಲ್ಲಿ ಬಹುಪಾಲು ಬೆಳೆಗಳಿಗೆ ಕೌಂಟಿವಾರು ಲೆಕ್ಕ ಹಾಕಿ ಎಕರೆಗೆ 15ರಿಂದ 150 ಡಾಲರ್ ಕೊಟ್ಟಿತು. ದೊಡ್ಡ ಹಿಡುವಳಿಗೆ ದೊಡ್ಡ ಪಾಲು ಹೋಯಿತು, ಅದನ್ನು ಮೆಚ್ಚುವಂತಿಲ್ಲ. ಆದರೆ ವ್ಯಾಪಾರ ನೀತಿಯಿಂದಾದ ಹಾನಿಗೆ ನೀತಿ ಮಾಡಿದವರೇ ಹೊಣೆ ಎಂಬುದನ್ನು ಅಲ್ಲಿ ಒಪ್ಪಲಾಯಿತು. ಹತ್ತಿಪ್ಪತ್ತು ಗುಂಟೆಯ ಮಲೆನಾಡಿಗೆ ಎಕರೆ ಲೆಕ್ಕ ಹೊಂದದು. ಇಲ್ಲಿ ಎಣಿಸಬೇಕಾದುದು ಬಳ್ಳಿಗಳನ್ನು.

2024ರ ಬಳಿಕ ಬೆಲೆ ಚೇತರಿಸಿದೆ, ಇನ್ನೇತಕ್ಕೆ ಈ ಮಾತು ಎನ್ನುವವರುಂಟು. ಅವರು ತೋಟಕ್ಕೆ ಇಳಿದು ನೋಡಲಿ. ಬೆಲೆಯಿಲ್ಲದ ವರ್ಷಗಳಲ್ಲಿ ಬೋರ್ಡೋ ದ್ರಾವಣಕ್ಕೂ ಕೂಲಿಗೂ ಹಣ ಹೊಂದದೆ ಬಿಟ್ಟ ಬಳ್ಳಿ ಶೀಘ್ರ ಸೊರಗು ರೋಗಕ್ಕೆ ತುತ್ತಾಗುತ್ತದೆ. ಹೊಸದಾಗಿ ನೆಟ್ಟದ್ದು ಫಲ ಕೊಡಲು ಮೂರು-ನಾಲ್ಕು ವರ್ಷ ಬೇಕು. ಮಲ್ಲಿಗೆಸರ, ಉದ್ದಗರೆಯಂಥ ಊರ ತಳಿಗಳು ಹೀಗೆ ಅಳಿದರೆ ಬೆಲೆಯೊಡನೆ ಮರಳಿ ಬರುವುದಿಲ್ಲ. ಇನ್ನೊಂದು ಸಂಗತಿ, ಪರಿಸರದ ಹೆಸರು ಹೇಳುವವರು ಗಮನಿಸತಕ್ಕದ್ದು: ಬಳ್ಳಿ ಹಬ್ಬಿದ ಹಲಸು, ಮಾವಿನ ಮರವನ್ನು ರೈತ ಕಡಿಯುವುದಿಲ್ಲ. ಬಳ್ಳಿ ಸತ್ತ ಮೇಲೆ ಅದು ಬರಿಯ ನಾಟಾ.

ಆದುದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಆಮದು ಸುಂಕದ ಆದಾಯದಿಂದಲೇ ನಿಧಿಯೊಂದು ಸ್ಥಾಪನೆಯಾಗಬೇಕು. ಬೆಲೆ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದ ವರ್ಷವೇ ಹಣ ಪಾವತಿಯಾಗಬೇಕು. ಫಲಾನುಭವಿಯನ್ನು ಪಹಣಿಯಲ್ಲ, ಗ್ರಾಮಸಭೆ ಗುರುತಿಸಬೇಕು. ಕಾಲೇಜು ವಿದ್ಯಾರ್ಥಿಗಳು ಈ ಬೇಸಿಗೆಯ ರಜೆಯಲ್ಲಿ ಕೇರಿ ಕೇರಿಗೆ ಹೋಗಿ ಬದುಕಿರುವ ಬಳ್ಳಿ ಎಷ್ಟು, ಸತ್ತದ್ದೆಷ್ಟು ಎಂದು ಬರೆದು ತರಲಿ. ಮಾಲ್ಕಿ ಜಮೀನಿನದ್ದು, ಅತಿಕ್ರಮಣದ್ದು, ಎರಡೂ ಇರಲಿ. ಮಳೆಗಾಲಕ್ಕೆ ಮುನ್ನ ಆ ಪಟ್ಟಿ ಗ್ರಾಮಸಭೆಯ ಠರಾವಿನೊಡನೆ ದೆಹಲಿಯ ವಾಣಿಜ್ಯ ಸಚಿವಾಲಯಕ್ಕೆ ಹೋಗಬೇಕು.