ಶಾಯಿಯ ಗೆರೆಯ ಸಾಕ್ಷ್ಯ

1938ರ ಜುಲೈ 3ರಂದು ಇಂಗ್ಲೆಂಡಿನ ‘ಮ್ಯಾಲರ್ಡ್’ ಎಂಬ ಉಗಿ ಎಂಜಿನ್ನು ಸ್ಟೋಕ್ ಇಳಿಜಾರಿನಲ್ಲಿ ಗಂಟೆಗೆ 126 ಮೈಲಿಯ ವೇಗದಿಂದ ಧಾವಿಸಿತೆಂಬುದನ್ನು ಬಲ್ಲವರು ಹಲವರು. ಅದಕ್ಕೆ ಸಾಕ್ಷಿ ನುಡಿದುದು ಎಂಜಿನ್ನಿನ ಬೆನ್ನಿಗೇ ಕಟ್ಟಿದ್ದ, 1906ರಲ್ಲಿ ನಿರ್ಮಿತವಾದ ಹಳೆಯ ಮರದ ಬೋಗಿ ಎಂಬುದನ್ನು ಬಲ್ಲವರು ವಿರಳ.

ಈ ಪರೀಕ್ಷಾ ಬೋಗಿಯ ರಚನೆ ಕುತೂಹಲಕರವಾದುದು. ಎಂಜಿನ್ನಿನ ಎಳೆತವನ್ನು ಭಾರಿ ಸ್ಪ್ರಿಂಗೊಂದು ತಾಳಿಕೊಳ್ಳುತ್ತಿತ್ತು. ಅದು ಬಾಗಿದಷ್ಟೂ ಲೇಖನಿಯು ಸರಿಯುತ್ತಿತ್ತು. ಭಾರ ಹೊರದ ಪ್ರತ್ಯೇಕ ಚಕ್ರವೊಂದು ಹಳಿಯ ಮೇಲೆ ಉರುಳಿ ಕಾಗದದ ಸುರುಳಿಯನ್ನು ಬಿಚ್ಚುತ್ತಿತ್ತು. ಗಡಿಯಾರವು ಅದರ ಮೇಲೆ ಕಾಲದ ಗುರುತು ಹಾಕುತ್ತಿತ್ತು. ಗುರುತುಗಳ ನಡುವಣ ಅಂತರದಿಂದ ವೇಗವನ್ನು ಲೆಕ್ಕ ಹಾಕುತ್ತಿದ್ದರು. ಚಕ್ರ ಸವೆದರೆ ಅಳತೆ ತಪ್ಪೀತೆಂದು ಉಳಿದ ಹೊತ್ತಿನಲ್ಲಿ ಅದನ್ನು ಮೇಲೆತ್ತಿಡುತ್ತಿದ್ದರು, ಮನೆಯ ಬೆಳ್ಳಿ ತಟ್ಟೆಯನ್ನು ಹಬ್ಬಕ್ಕೆಂದು ಎತ್ತಿಡುವಂತೆ!

ಅಂದಿನ ಸುರುಳಿಯಲ್ಲಿ 125 ಸ್ಪಷ್ಟ, 126 ಕ್ಷಣಮಾತ್ರದ್ದು. ಎಂಜಿನ್ನನ್ನು ರೂಪಿಸಿದ ಸರ್ ನೈಜೆಲ್ ಗ್ರೆಸ್ಲಿಯವರೇ ಆ ಒಂದು ಮೈಲಿಯನ್ನು ಒಪ್ಪಲಿಲ್ಲ. 1936ರಲ್ಲಿ ಜರ್ಮನಿಯ ಎಂಜಿನ್ನೊಂದು 200.4 ಕಿಲೋಮೀಟರು, ಎಂದರೆ ಸುಮಾರು 124.5 ಮೈಲಿಯ ವೇಗವನ್ನು ಮುಟ್ಟಿತ್ತು. ಗ್ರೆಸ್ಲಿಯವರ ಲೆಕ್ಕವನ್ನೇ ಹಿಡಿದರೆ ಗೆಲುವು ಬರಿಯ ಅರ್ಧ ಮೈಲಿಯದು! 1941ರಲ್ಲಿ ಅವರು ತೀರಿಕೊಂಡರು. 1948ರಲ್ಲಿ ಮ್ಯಾಲರ್ಡಿಗೆ ತೊಡಿಸಿದ ಫಲಕದ ಮೇಲೆ 126 ಎಂದೇ ಬರೆಯಲಾಯಿತು.