ಥಾರ್‌ಗೆ ಸೊಂಡಿಲು, ನಮ್ಮ ಪಿಕಪ್‌ಗೆ ಒಂದು ಪೈಪೂ ಇಲ್ಲ

ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಹೋದರೆ ಬಾನೆಟ್ ಪಕ್ಕದಿಂದ ಟಾಪಿನವರೆಗೆ ಕಪ್ಪು ಕೊಳವೆ ಏರಿಸಿಕೊಂಡ ಥಾರ್‌ಗಳು ಕಾಣಸಿಗುತ್ತವೆ. ಆನೆ ಸೊಂಡಿಲು ಎತ್ತಿದ ಹಾಗೆ. ಅದಕ್ಕೆ ಸ್ನಾರ್ಕಲ್ ಅಂತಾರೆ. ಆಳದ ನೀರಿಗೆ ಇಳಿದಾಗ ಎಂಜಿನ್ ಗಾಳಿಯ ಬದಲು ನೀರು ಕುಡಿಯದಿರಲಿ ಅಂತ ಹಾಕಿಸುವುದು. ಅಂಥ ಮಾಲೀಕರನ್ನು ‘ಸಾರ್, ಡಿಫರೆನ್ಷಿಯಲ್ ಬ್ರೀದರ್ ಮೇಲಕ್ಕೆ ತಂದಿದ್ದೀರಾ?’ ಅಂತ ಕೇಳಿ ನೋಡಿ. ಹವ್ಯಾಸ ಚೆನ್ನಾಗಿ ತಿಳಿದವರು ಹೌದು ಅಂತಾರೆ. ಉಳಿದವರು ನಿಮ್ಮ ಮುಖ ನೋಡುತ್ತಾರೆ. ಸ್ನಾರ್ಕಲ್ ಫೋಟೊದಲ್ಲಿ ಬರುತ್ತೆ, ಬ್ರೀದರ್ ಬರಲ್ಲ.

ಪೇಟೆಯವರ ಶೋಕಿ ನಮಗ್ಯಾಕೆ ಅಂತ ಸುಮ್ಮನಿರಬೇಡಿ. ಆ ಪೈಪು ನಿಜವಾಗಿ ಬೇಕಾಗಿರುವುದು ನಮ್ಮ ಗಾಡಿಗೆ.

ಬೊಲೆರೊ ಅಥವಾ ಪಿಕಪ್‌ನ ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಂತೆ ಗುಂಡಗೆ ಇರುವುದೇ ಡಿಫರೆನ್ಷಿಯಲ್ ಹೌಸಿಂಗ್. ಒಳಗೆ ಕ್ರೌನ್, ಪಿನಿಯನ್, ಬೇರಿಂಗ್‌ಗಳು ಗೇರ್ ಆಯಿಲ್‌ನಲ್ಲಿ ತಿರುಗುತ್ತವೆ. ಗಾಡಿ ಓಡಿದಂತೆ ಆಯಿಲ್ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಹೋಗಲು ಆಕ್ಸಲ್ ಮೇಲೆ ಬೆರಳ ತುದಿಯಷ್ಟು ಒಂದು ಮುಚ್ಚಳ ಇರುತ್ತದೆ. ಬ್ರೀದರ್ ಅಂದರೆ ಇದೇ. ಅದು ಕೆಸರಿನಿಂದ ಕಟ್ಟಿಕೊಂಡರೆ ಒತ್ತಡಕ್ಕೆ ಆಯಿಲ್ ಸೀಲ್ ಸೋರುತ್ತದೆ.

ಈಗ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿ ಕಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿಯಿತು ಅನ್ನಿ. ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ಮುಳುಗಿದ್ದರೆ ಒಳಗೆ ಬರುವುದು ನೀರೇ. ಮುಚ್ಚಳ ಬಿಗಿಯಾಗಿದ್ದರೆ ಸೀಲ್ ಅಂಚಿನಿಂದ ಬರುತ್ತದೆ. ಗಾಡಿ ಆ ದಿನ ಏನೂ ಹೇಳಲ್ಲ. ಮರುದಿನವೂ ಟೊಮೆಟೊ ಹೊತ್ತು ಮಾರ್ಕೆಟ್‌ಗೆ ಹೋಗಿಬರುತ್ತದೆ. ಸ್ವಲ್ಪ ದಿನ ಕಳೆದ ಮೇಲೆ ಹಿಂದಿನಿಂದ ಗೊಂಯ್ ಅನ್ನುವ ಸದ್ದು ಶುರು. ‘ಓವರ್‌ಲೋಡ್ ಹಾಕ್ತೀರಾ, ಅದಕ್ಕೇ’ ಅಂತ ಗ್ಯಾರೇಜಿನಲ್ಲಿ ಬೈಸಿಕೊಳ್ಳುವುದೂ ನಾವೇ. ಬೇರಿಂಗ್, ಕ್ರೌನ್ ಪಿನಿಯನ್ ಸೆಟ್, ಕೂಲಿ, ತಪ್ಪಿದ ಬಾಡಿಗೆ, ಆ ತಿಂಗಳ ಇಎಂಐ. ಲೆಕ್ಕ ನಿಮಗೇ ಗೊತ್ತು.

ಇದಕ್ಕೆಲ್ಲ ಪರಿಹಾರ ನಾಲ್ಕೈದು ಅಡಿ ಪೈಪು. ಮುಚ್ಚಳ ಬಿಚ್ಚಿ, ಅದೇ ಥ್ರೆಡ್ಡಿನ ನಿಪ್ಪಲ್ ಹಾಕಿ, ಆಯಿಲ್‌ಗೆ ಕರಗದ ಹೋಸ್ ಪೈಪನ್ನು ಚಾಸಿಸ್ ಗುಂಟ ಮೇಲಕ್ಕೆ ಒಯ್ದು, ತುದಿಯನ್ನು ನೀರು ಮುಟ್ಟದ ಎತ್ತರದಲ್ಲಿ ಕೆಳಮುಖವಾಗಿ ಬಗ್ಗಿಸಿ ಕಟ್ಟಬೇಕು, ಅಷ್ಟೇ. ಮುಚ್ಚಳದ ಮೇಲೇ ಪೈಪ್ ತುರುಕಿದರೆ ಪ್ರಯೋಜನವಿಲ್ಲ. ಲೋಡ್ ಹಾಕಿದಾಗ ಆಕ್ಸಲ್ ಮೇಲೆ ಕೆಳಗೆ ಆಡುತ್ತದಲ್ಲ, ಅದಕ್ಕೆ ಪೈಪ್ ಸ್ವಲ್ಪ ಸಡಿಲ ಇರಲಿ. ಸೈಲೆನ್ಸರ್‌ಗೆ ತಾಗಬಾರದು. ಕೆಲವು ಗಾಡಿಗಳಲ್ಲಿ ಕಂಪನಿಯೇ ಪೈಪ್ ಕೊಟ್ಟಿರುತ್ತದೆ, ಮೊದಲು ಕೆಳಗೆ ಬಗ್ಗಿ ನೋಡಿ.

ನನ್ನ ಸಿಟ್ಟು ಥಾರ್ ಇಟ್ಟುಕೊಂಡವರ ಮೇಲಲ್ಲ, ಕಂಪನಿಗಳ ಮೇಲೆ. ಥಾರ್ 650 ಮಿ.ಮೀ. ನೀರಲ್ಲಿ ಹೋಗುತ್ತದೆ, ಫೋರ್ಸ್ ಗೂರ್ಖಾ 700 ಮಿ.ಮೀ. ನೀರಲ್ಲಿ ಹೋಗುತ್ತದೆ, ಅದಕ್ಕೆ ಸ್ನಾರ್ಕಲ್ ಕಂಪನಿಯಿಂದಲೇ ಬರುತ್ತದೆ ಅಂತೆಲ್ಲ ಪ್ರಚಾರ ಮಾಡುತ್ತಾರೆ. ಪಿಕಪ್ ಮಾರುವಾಗ ಮಾತ್ರ ಎಷ್ಟು ಹೊರುತ್ತದೆ, ಮೈಲೇಜ್ ಎಷ್ಟು, ಇಷ್ಟೇ ಮಾತು. ಚಿಕ್ಕೋಡಿ ಕಡೆ ಕೃಷ್ಣಾ, ದೂಧಗಂಗಾ ಉಕ್ಕಿದಾಗ ಮುಳುಗುವ ಕಲ್ಲೋಳ-ಯಡೂರ ಸೇತುವೆಯ ಊರುಗಳಲ್ಲಿ, ಮಲೆನಾಡಿನ ಹಳ್ಳಗಳಲ್ಲಿ ಚಕ್ರ ನೆನೆಯುವುದು ಯಾರದು? ಭಾನುವಾರ ಸಕಲೇಶಪುರಕ್ಕೆ ಹೋಗಿ ಸೋಮವಾರ ವಾಪಸ್ ಬರುವ ಗಾಡಿಯದಂತೂ ಅಲ್ಲ.

ಪೇಟೆಯಲ್ಲೂ ನೀರು ನೋಡಿದ್ದೇವೆ. 2025ರ ಮೇನಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್, ಬಿಟಿಎಂ ಲೇಔಟ್ ಕೆರೆಯಾದವು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಕಡೆಯ ಐಟಿ ನೌಕರರನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರ್‌ಗಳು. ಆಗ ಸ್ನಾರ್ಕಲ್ ಸುದ್ದಿಯೇ ಇರಲಿಲ್ಲ ಬಿಡಿ.

‘ಮೊದಲು ಸೇತುವೆ ಕೊಡಿ, ಪೈಪ್ ಯಾಕೆ’ ಅನ್ನುವವರಿದ್ದಾರೆ. ಸರಿಯಾದ ಮಾತು. ಸೇತುವೆ ಕೇಳುವುದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಪೈಪ್ ಹಾಕಿದ ಮಾತ್ರಕ್ಕೆ ಗಾಡಿ ದೋಣಿಯಾಗುವುದೂ ಇಲ್ಲ. 2023ರ ಮೇನಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಸತ್ತರು. ಹರಿಯುವ ನೀರಿಗೆ, ಆಳ ಗೊತ್ತಿಲ್ಲದ ನೀರಿಗೆ ಯಾವ ಗಾಡಿಯನ್ನೂ ಇಳಿಸಬೇಡಿ. ನಾನು ಹೇಳುತ್ತಿರುವುದು ದಿನಾ ದಾಟುವ ಮೊಣಕಾಲುದ್ದದ ಹಳ್ಳದ ವಿಷಯ. ಗಾಡಿ ಮಾರುವ ಕಂಪನಿ ಇದನ್ನು ಫ್ಯಾಕ್ಟರಿಯಲ್ಲೇ ಹಾಕಿ ಕೊಡಬೇಕು. ಸರಕು ಗಾಡಿಗೆ ಅದು ಎಕ್ಸ್‌ಟ್ರಾ ಫಿಟ್ಟಿಂಗ್ ಆಗಬಾರದು. ಹೊಸ ಗಾಡಿ ಬುಕ್ ಮಾಡುವಾಗ ಶೋರೂಮಿನಲ್ಲಿ ಕೂತು ಇದನ್ನೇ ಕೇಳಿ. ಹತ್ತು ಮಂದಿ ಕೇಳಿದರೆ ಮೇಲಕ್ಕೆ ಸುದ್ದಿ ಹೋಗುತ್ತದೆ.

ಈಗಾಗಲೇ ಹಳ್ಳ ದಾಟಿದ ಗಾಡಿ ಇದ್ದರೆ ಒಂದು ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಹೌಸಿಂಗ್ ಕೆಳಗಿನ ಡ್ರೈನ್ ಬೋಲ್ಟ್ ನಿಧಾನ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ಕೂತಿದ್ದರೆ ಮೊದಲು ಅದೇ ಬರುತ್ತದೆ. ಬಂದ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣ ಇದ್ದರೆ ಪೂರ್ತಿ ಖಾಲಿ ಮಾಡಿ ಹೊಸದು ತುಂಬಿಸಿ. ಆಮೇಲೆ ಲೋಡ್ ಹಾಕಿ.